ಚಾಂಪಿಯನ್ ಆದರೂ ಬಡ್ತಿ ಗ್ಯಾರಂಟಿ ಇಲ್ಲ: ಜರ್ಮನಿಯ ನಾಲ್ಕನೇ ದರ್ಜೆಯಲ್ಲಿ 1860 ಮ್ಯೂನಿಕ್

[ತೆರೆಯ ಮೇಲೆ: ಅಲಿಯಾನ್ಸ್ ಅರೆನಾ, 30 ಮೇ 2017]

ನಮಸ್ಕಾರ. ಮ್ಯೂನಿಕ್ ಅಂದರೆ ಬಯರ್ನ್, ಅಲ್ವಾ? ಆ ಊರಲ್ಲಿ ಇನ್ನೊಂದು ದೊಡ್ಡ ಫುಟ್‌ಬಾಲ್ ಕ್ಲಬ್ ಇದೆ, 1860 ಮ್ಯೂನಿಕ್. ಅಭಿಮಾನಿಗಳ ಪಾಲಿಗೆ ಇವರು 'ಸಿಂಹಗಳು'. 1963ರಲ್ಲಿ ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾ ಶುರುವಾದಾಗ ಜಾಗ ಸಿಕ್ಕಿದ್ದು ಇವರಿಗೆ, ಬಯರ್ನ್‌ಗಲ್ಲ. 1966ರಲ್ಲಿ ಚಾಂಪಿಯನ್ ಕೂಡ ಆದರು. ಇಂಥ ತಂಡ 2017ರಲ್ಲಿ ಒಂದೇ ವಾರದೊಳಗೆ ಎರಡನೇ ದರ್ಜೆಯಿಂದ ಸೀದಾ ನಾಲ್ಕನೇ ದರ್ಜೆಗೆ ಬಿತ್ತು.

ಹೇಗೆ ಅಂತ ನೋಡೋಣ. ಆ ವರ್ಷ 1860 ಎರಡನೇ ದರ್ಜೆಯಲ್ಲಿ ಉಳಿಯಬೇಕಾದರೆ ಮೂರನೇ ದರ್ಜೆಯ ಯಾನ್ ರೆಗೆನ್ಸ್‌ಬುರ್ಗ್ ವಿರುದ್ಧ ಪ್ಲೇಆಫ್, ಅಂದರೆ ಎರಡು ಪಂದ್ಯಗಳ ನಿರ್ಣಾಯಕ ಹಣಾಹಣಿ ಗೆಲ್ಲಬೇಕಿತ್ತು. ಮೊದಲ ಪಂದ್ಯ 1-1. ಎರಡನೆಯದು ಮ್ಯೂನಿಕ್‌ನ ಅಲಿಯಾನ್ಸ್ ಅರೆನಾದಲ್ಲಿ, 60 ಸಾವಿರಕ್ಕೂ ಹೆಚ್ಚು ಜನರ ಮುಂದೆ. ಅಲ್ಲಿ 0-2ರಿಂದ ಹಿಂದೆ ಬಿದ್ದರು. ಕೊನೆಯ ನಿಮಿಷಗಳಲ್ಲಿ ಗ್ಯಾಲರಿಯಿಂದ ಸೀಟುಗಳು, ಕಂಬಿಗಳು ಮೈದಾನಕ್ಕೆ ಹಾರತೊಡಗಿದವು. ಗೋಲ್ ಪೋಸ್ಟ್ ಹಿಂದೆ ಪೊಲೀಸರು ಸಾಲಾಗಿ ನಿಂತರು. ಸುಮಾರು ಕಾಲು ಗಂಟೆ ಆಟವೇ ನಿಂತುಹೋಯಿತು. ಮತ್ತೆ ಶುರುವಾದರೂ ಸ್ಕೋರ್ ಬದಲಾಗಲಿಲ್ಲ.

ಸರಿ, ಮೂರನೇ ದರ್ಜೆಗೆ ಇಳಿದರು ಅಂದುಕೊಳ್ಳಿ. ಆದರೆ ಜರ್ಮನಿಯಲ್ಲಿ ಆಡಲು ಲೈಸೆನ್ಸ್ ಬೇಕು. ವರ್ಷಪೂರ್ತಿ ಕ್ಲಬ್ ನಡೆಸುವಷ್ಟು ದುಡ್ಡಿದೆ ಅಂತ ಮೊದಲೇ ತೋರಿಸಬೇಕು. 1860ಗೆ ಬೇಕಾಗಿದ್ದು ಒಂದು ಕೋಟಿ ಯೂರೋಗೂ ಜಾಸ್ತಿ. 2011ರಿಂದ ಹಣ ಹಾಕುತ್ತಿದ್ದ ಜೋರ್ಡಾನ್‌ನ ಉದ್ಯಮಿ ಹಸನ್ ಇಸ್ಮಾಯಿಕ್ ಈ ಸಲ ಕೊಡಲಿಲ್ಲ. ಪಂದ್ಯ ಸೋತ ಮೂರೇ ದಿನಕ್ಕೆ, ಜೂನ್ 2ರಂದು, ಗಡುವು ಮುಗಿಯಿತು. ಮೂರನೇ ದರ್ಜೆಯ ಲೈಸೆನ್ಸ್ ಸಿಗಲಿಲ್ಲ. ಬಂಡವಾಳದಲ್ಲಿ ಇಸ್ಮಾಯಿಕ್ ಪಾಲು ಶೇ. 60. ಆದರೆ ಜರ್ಮನಿಯ 50+1 ನಿಯಮದ ಪ್ರಕಾರ ಮತದ ಹಿಡಿತ ಸದಸ್ಯರ ಕೈಯಲ್ಲೇ ಇರಬೇಕು. ದುಡ್ಡು ಒಬ್ಬರದು, ಮಾತು ಇನ್ನೊಬ್ಬರದು. ಇಸ್ಮಾಯಿಕ್ ಮತ್ತು ಕ್ಲಬ್ ನಡುವಿನ ಜಗಳಕ್ಕೆ ಅದೇ ಬೇರು. ಅದರ ಬಗ್ಗೆ ಬೇರೆ ವಿಡಿಯೋನೇ ಮಾಡಬೇಕು.

[ತೆರೆಯ ಮೇಲೆ: ಐದು ಬಣ್ಣ ಬಳಿದ ಜರ್ಮನಿಯ ನಕ್ಷೆ]

ನಾಲ್ಕನೇ ದರ್ಜೆಯ ಹೆಸರು ರೆಗಿಯೊನಾಲ್‌ಲಿಗಾ. 2012ರಿಂದ ಇದರಲ್ಲಿ ಐದು ಗುಂಪುಗಳಿವೆ: ಉತ್ತರ, ಈಶಾನ್ಯ, ಪಶ್ಚಿಮ, ನೈಋತ್ಯ, ಮತ್ತು ಬವೇರಿಯಾ ಪ್ರಾಂತ್ಯಕ್ಕೇ ಒಂದು. 1860 ಬಂದಿದ್ದು ಬವೇರಿಯಾ ಗುಂಪಿಗೆ. ಅವರ ಎರಡನೇ ತಂಡ ಆಗಲೇ ಅಲ್ಲಿ ಆಡುತ್ತಿತ್ತು. ಅಣ್ಣ ಬಂದ ತಕ್ಷಣ ತಮ್ಮ ಐದನೇ ದರ್ಜೆಗೆ ಇಳಿಯಬೇಕಾಯಿತು, ಏನೂ ತಪ್ಪು ಮಾಡದೆ! ಆ ಎರಡನೇ ತಂಡದ ಕೋಚ್ ಡೇನಿಯಲ್ ಬೀರೋಫ್ಕಾ ಮುಖ್ಯ ತಂಡದ ಕೋಚ್ ಆದರು. ಅಲ್ಲಿನ ಹುಡುಗರೂ ಜೊತೆಗೆ ಬಂದರು. ಬುಂಡೆಸ್‌ಲಿಗಾದಲ್ಲಿ ಆಡಿದ್ದ ಸ್ಟ್ರೈಕರ್ ಸಾಶಾ ಮೋಲ್ಡರ್ಸ್ ಬಿಟ್ಟುಹೋಗದೆ ಉಳಿದರು. ಹೊಟ್ಟೆ ಸ್ವಲ್ಪ ಮುಂದೆ, ಗೋಲಿಗೆ ಮಾತ್ರ ಕೊರತೆ ಇಲ್ಲ.

ಇನ್ನು ಮೈದಾನ. ಅಲಿಯಾನ್ಸ್ ಅರೆನಾ ಬಿಟ್ಟು ಗೀಸಿಂಗ್ ಬಡಾವಣೆಯ ಗ್ರೂನ್‌ವಾಲ್ಡರ್ ಸ್ಟೇಡಿಯಂಗೆ ವಾಪಸ್ ಬಂದರು. 1911ರಲ್ಲಿ ಶುರುವಾದ ಮೈದಾನ ಅದು, ಸುತ್ತ ಮನೆಗಳು, ಪಕ್ಕದಲ್ಲೇ ಟ್ರಾಮ್. ಆಗ 12,500 ಜನರಿಗಷ್ಟೇ ಅನುಮತಿ. ಅರೆನಾದಲ್ಲಿ ಖಾಲಿ ಸೀಟು ನೋಡಿ ಬೇಸತ್ತಿದ್ದ ಅಭಿಮಾನಿಗಳು ಇಲ್ಲಿ ಟಿಕೆಟ್‌ಗೆ ಮುಗಿಬಿದ್ದರು. ನನ್ನ ಪ್ರಕಾರ ಆ ಕ್ಲಬ್‌ಗೆ ಜೀವ ಬಂದಿದ್ದೇ ನಾಲ್ಕನೇ ದರ್ಜೆಗೆ ಬಿದ್ದ ಮೇಲೆ.

ಎದುರಾಳಿಗಳನ್ನು ನೋಡಿ. ಒಂದು ಕಡೆ ಬಯರ್ನ್‌ನ ಎರಡನೇ ತಂಡ. ಇನ್ನೊಂದು ಕಡೆ ಸಾವಿರ ಜನರೂ ಇಲ್ಲದ ಹಳ್ಳಿ ಪಿಪಿನ್ಸ್‌ರೀಡ್. ಆ ಹಳ್ಳಿ ತಂಡಕ್ಕೆ ಆಟಗಾರನೂ ಕೋಚೂ ಆಗಿದ್ದ 24ರ ಹುಡುಗ ಯಾರು ಗೊತ್ತಾ? ಫೇಬಿಯನ್ ಹ್ಯೂರ್ಜೆಲರ್! 2024ರಲ್ಲಿ ಸಾಂಕ್ಟ್ ಪೌಲಿಯನ್ನು ಬುಂಡೆಸ್‌ಲಿಗಾಗೆ ಏರಿಸಿ, ಅದೇ ವರ್ಷ ಇಂಗ್ಲೆಂಡಿನ ಬ್ರೈಟನ್ ಕೋಚ್ ಆದವರು.

1860 ಆ ಸೀಸನ್‌ನಲ್ಲಿ ಬವೇರಿಯಾ ಚಾಂಪಿಯನ್ ಆಯಿತು. ಬಯರ್ನ್ ಹುಡುಗರು ಎರಡನೇ ಸ್ಥಾನ. ಕಥೆ ಮುಗೀತು ಅಂದುಕೊಂಡರಾ? ಇಲ್ಲ.

[ತೆರೆಯ ಮೇಲೆ: 6 ತಂಡ, 3 ಜಾಗ]

ಗುಂಪುಗಳು ಐದು, ಮೇಲೆ ಹೋಗಲು ಜಾಗ ಮೂರೇ. ಆಗಿನ ಪದ್ಧತಿಯಲ್ಲಿ ಐದು ಚಾಂಪಿಯನ್‌ಗಳು, ಜೊತೆಗೆ ನೈಋತ್ಯದ ಎರಡನೇ ಸ್ಥಾನದವರು, ಒಟ್ಟು ಆರು ತಂಡಗಳು ಜೋಡಿ ಜೋಡಿಯಾಗಿ ಎರಡೆರಡು ಪಂದ್ಯ ಆಡಬೇಕಿತ್ತು. ಕ್ಲಾಸಿಗೇ ಫಸ್ಟ್ ಬಂದವನನ್ನು ಮತ್ತೆ ಪರೀಕ್ಷೆಗೆ ಕೂರಿಸಿ ಫೇಲ್ ಮಾಡಿದ ಹಾಗೆ. ವಾಲ್ಡ್‌ಹೋಫ್ ಮಾನ್‌ಹೈಮ್ ಅನ್ನೋ ತಂಡ 2016, 2017, 2018, ಸತತ ಮೂರು ವರ್ಷ ಇಲ್ಲೇ ಎಡವಿತು.

1860 ಪಾಲಿಗೆ ಬಂದಿದ್ದು ನೈಋತ್ಯದ ಚಾಂಪಿಯನ್ ಸಾರ್‌ಬ್ರುಕೆನ್. ಸುಲಭದ ತಂಡ ಅಲ್ಲ. ಎರಡೇ ವರ್ಷದ ನಂತರ, ನಾಲ್ಕನೇ ದರ್ಜೆಯಲ್ಲಿದ್ದುಕೊಂಡೇ ಜರ್ಮನ್ ಕಪ್‌ನ ಸೆಮಿಫೈನಲ್ ತಲುಪಿದ ಮೊದಲ ತಂಡ ಅದು. ಸಾರ್‌ಬ್ರುಕೆನ್ ಮೈದಾನ ರಿಪೇರಿಯಲ್ಲಿದ್ದ ಕಾರಣ ಮೊದಲ ಪಂದ್ಯ ಪಕ್ಕದ ಫೋಲ್ಕ್‌ಲಿಂಗೆನ್‌ನಲ್ಲಿ ನಡೆಯಿತು. 1860 ಗೆದ್ದಿತು, 3-2. ಮೇ 27, 2018ರಂದು ಗೀಸಿಂಗ್‌ನಲ್ಲಿ 2-2. ಒಟ್ಟು 5-4. ಒಂದೇ ಗೋಲಿನ ಅಂತರದಲ್ಲಿ ಒಬ್ಬರು ಮೇಲೆ ಹೋದರು. ಸಾರ್‌ಬ್ರುಕೆನ್‌ಗೆ ಇನ್ನೂ ಎರಡು ವರ್ಷ ಅಲ್ಲೇ ಉಳಿಯಬೇಕಾಯಿತು.

'ಚಾಂಪಿಯನ್‌ಗಳು ಮೇಲೇರಲೇಬೇಕು' ಅನ್ನುವ ಕೂಗು ಜರ್ಮನಿಯಲ್ಲಿ ಹಳೆಯದು. ಮುಂದಿನ ಸೀಸನ್‌ನಿಂದ ಜಾಗ ನಾಲ್ಕಾಯಿತು. ಈಗ ಪಶ್ಚಿಮ ಮತ್ತು ನೈಋತ್ಯದ ಚಾಂಪಿಯನ್‌ಗಳಿಗೆ ನೇರ ಬಡ್ತಿ. ಉಳಿದ ಮೂವರಲ್ಲಿ ಒಬ್ಬರಿಗೆ ಸರದಿ ಮೇಲೆ ನೇರ ಜಾಗ, ಇನ್ನಿಬ್ಬರಿಗೆ ಮತ್ತೆ ಅದೇ ಪ್ಲೇಆಫ್. 2025ರಲ್ಲಿ ಈಶಾನ್ಯದ ಚಾಂಪಿಯನ್ ಲೋಕೋಮೋಟಿವ್ ಲೈಪ್ಜಿಗ್, ಪುಟ್ಟ ಹಾವೆಲ್ಸೆ ಎದುರು ಸೋತು ನಾಲ್ಕನೇ ದರ್ಜೆಯಲ್ಲೇ ಉಳಿಯಿತು.

ಐದು ಗುಂಪನ್ನು ನಾಲ್ಕು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಯಾವ ಗುಂಪನ್ನು ಒಡೆಯಬೇಕು? ಬವೇರಿಯಾದವರು ತಮ್ಮದನ್ನು ಬಿಟ್ಟುಕೊಡ್ತಾರಾ? ನಿಮಗೇನನ್ನಿಸುತ್ತೆ, ಕಾಮೆಂಟ್‌ನಲ್ಲಿ ಬರೆಯಿರಿ. ಮುಂದಿನ ವಿಡಿಯೋ 50+1 ನಿಯಮದ ಬಗ್ಗೆ.