ಸುರಂಗದೊಳಗೆ 1080 ಫೋಟೊ: ನನ್ನ ಮೊದಲ ಆ್ಯನಿಮೇಷನ್ ಫಿಲ್ಮ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಮನೆಯ ಹಿಂದಿನ ಗುಡ್ಡೆ. ಅಡಿಕೆ ತೋಟ ಮುಗಿಯುವಲ್ಲಿ ಒಂದು ಕಪ್ಪು ಬಾಯಿ ಕಾಣುತ್ತದಲ್ಲ, ಅದು ಸುರಂಗ. ಬನ್ನಿ, ಒಳಗೆ ಹೋಗೋಣ. ತಲೆ ಜಾಗ್ರತೆ. ಸ್ವಲ್ಪ ಕತ್ತಲೆ, ಕಾಲಿಗೆ ತಣ್ಣಗೆ ನೀರು. ಈಗ ನಾನು ಮಾತು ನಿಲ್ಲಿಸುತ್ತೇನೆ, ನೀವು ಸುಮ್ನೆ ಕೇಳಿ.

ಟಪ್. ಆಮೇಲೆ ಇನ್ನೊಂದು. ನನ್ನ ಫಿಲ್ಮ್ ಶುರುವಾದದ್ದು ಈ ಶಬ್ದದಿಂದ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಇಲ್ಲೇ ಕನ್ನಡ ಮೀಡಿಯಂನಲ್ಲಿ ಓದಿದೆ. ಈಗ ಮಂಗಳೂರಿನಲ್ಲಿ ಆ್ಯನಿಮೇಷನ್ ಕೋರ್ಸ್. ಈ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದೂವರೆ ನಿಮಿಷದ ಫಿಲ್ಮ್ ಮಾಡಿ ಕೊಡಬೇಕಿತ್ತು. ವಿಷಯ ನಮ್ಮ ಇಷ್ಟ. ನಾನು ಸುರಂಗ ಅಂದೆ. ಕ್ಲಾಸಿನಲ್ಲಿ ಎಲ್ಲರೂ ರೈಲಿನ ಸುರಂಗ ಅಂದುಕೊಂಡರು. ಅಲ್ಲ, ನೀರಿನ ಸುರಂಗ ಅಂದೆ. "ನೀರು ಬೇಕಾದರೆ ಕೆಳಗೆ ತೋಡಬೇಕಲ್ವಾ, ಅಡ್ಡಕ್ಕೆ ಯಾಕೆ ತೋಡುತ್ತಾರೆ?" ಎಂದು ಟೀಚರ್ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಹುಟ್ಟಿದಾಗಿನಿಂದ ಆ ನೀರು ಕುಡಿದವಳು ನಾನು, ಆದರೆ ಯಾರಿಗೂ ಅದನ್ನು ವಿವರಿಸಿ ಹೇಳಿದ್ದೇ ಇಲ್ಲ.

ಹೊರಗಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುತ್ತದೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಇಳಿಜಾರು ಜಾಗ, ಹೊಳೆಗಳು ಚಿಕ್ಕವು, ಸಮುದ್ರ ಹತ್ತಿರ. ಬಿದ್ದ ನೀರು ನಿಲ್ಲುವುದಿಲ್ಲ. ಮಾರ್ಚ್ ಬಂದರೆ ಗುಡ್ಡೆಯ ಮೇಲಿನ ಬಾವಿ ತಳ ಕಾಣುತ್ತದೆ. ಆದರೆ ಗುಡ್ಡೆ ಇರುವುದು ಮುರಕಲ್ಲಿನದ್ದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನದ್ದು. ಒಂದು ಮುರಕಲ್ಲು ಕೈಗೆ ತೆಗೆದುಕೊಂಡು ನೋಡಿ, ತುಂಬಾ ತೂತು. ಆ ತೂತುಗಳಲ್ಲಿ ಮಳೆನೀರು ಮೆಲ್ಲ ಮೆಲ್ಲ ಕೆಳಗೆ ಇಳಿಯುತ್ತದೆ, ಅಡಿಯಲ್ಲಿ ಜೇಡಿಮಣ್ಣು ಸಿಕ್ಕಿದರೆ ಅಲ್ಲಿ ತಡೆಯುತ್ತದೆ. ಗುಡ್ಡೆಯ ಪಕ್ಕೆಯಿಂದ ಅಡ್ಡಕ್ಕೆ ತೋಡಿಕೊಂಡು ಹೋದರೆ ಆ ನೀರು ಸಿಗುತ್ತದೆ. ಒಳಗೆ ಹೋದಂತೆ ನೆಲ ಒಂಚೂರು ಏರು ಇರಬೇಕು. ಹಾಗಿದ್ದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪ್ ಬೇಡ, ಕರೆಂಟು ಬೇಡ, ಹಗ್ಗ ಕೊಡಪಾನವೂ ಬೇಡ. ಬಾಯಾರು, ಪಡ್ರೆ, ಕುಂಬ್ಡಾಜೆ, ಬದಿಯಡ್ಕ ಕಡೆ ಹೋದರೆ ಇಂಥವು ಎಷ್ಟೋ ಉಂಟು. ಮಲಯಾಳದಲ್ಲಿ ಇದಕ್ಕೇ ತುರಂಗಂ ಅನ್ನುತ್ತಾರೆ.

ಒಬ್ಬ ಮನುಷ್ಯ ಗುಡ್ಡೆಯ ಒಳಗೆ ತೋಡುತ್ತಾ ಹೋಗುತ್ತಾನೆ. ದೀಪ ಸಣ್ಣದಾಗುತ್ತಾ ಬರುತ್ತದೆ. ಕೊನೆಗೆ ಒಂದು ಹನಿ. ಕಥೆ ಅಷ್ಟೇ.

ಈಗ ಲೆಕ್ಕ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಒಂದೊಂದು ಫೋಟೊವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಕಣ್ಣಿಗೆ ಚಲನೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಸೆಕೆಂಡಿಗೆ 12 ಫೋಟೊ. 90 ಸೆಕೆಂಡಿಗೆ 1080. ಬೊಂಬೆಯನ್ನು ಒಂದಿಷ್ಟು ಸರಿಸು, ಕೈ ಹಿಂದೆ ತೆಗೆ, ಫೋಟೊ ಹೊಡೆ. ಮತ್ತೆ ಸರಿಸು. ಇದನ್ನು ಸ್ಟಾಪ್ ಮೋಷನ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಇದರ ಬೇರು ಬಹಳ ಹಳೆಯದು. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ತಮ್ಮ ಮೊದಲ ಕಥಾಚಿತ್ರ ತೆರೆಗೆ ತರುವ ಮೊದಲು, ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಎದುರು ಕ್ಯಾಮೆರಾ ಇಟ್ಟು, ಗಿಡ ಬೆಳೆಯುವುದನ್ನು ಒಂದೊಂದೇ ಫ್ರೇಮ್ ಹಿಡಿದಿದ್ದರು. ಆ ತುಣುಕು ತೋರಿಸಿಯೇ ಸಿನಿಮಾಕ್ಕೆ ಹಣ ಹೊಂದಿಸಿದರು. ಒಂದು ಮೊಳಕೆಗಾಗಿ ಅವರು ಹಾಗೆ ದಿನಗಟ್ಟಲೆ ಕಾದರಲ್ಲ ಅಂತ ನೆನೆಸಿಕೊಂಡರೆ ನನಗೆ ಧೈರ್ಯ ಬರುತ್ತಿತ್ತು.

ಬೊಂಬೆ ಯಾವುದರಲ್ಲಿ ಮಾಡುವುದು? ರಟ್ಟಿನಲ್ಲಿ ಮಾಡಬಹುದಿತ್ತು. ಆದರೆ ಸುರಂಗ ತೋಡುವವರ ತಲೆಯಲ್ಲಿ ಇರುವುದು ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಟೊಪ್ಪಿ. ಹಾಗಾದರೆ ಇಡೀ ಮನುಷ್ಯನನ್ನೇ ಅಡಿಕೆ ಹಾಳೆಯಲ್ಲಿ ಯಾಕೆ ಕತ್ತರಿಸಬಾರದು ಅನಿಸಿತು. ಈಗ ನೋಡಿ, ಇವನೇ ಅವನು. ಒಂದು ಗೇಣು ಎತ್ತರ. ಹನ್ನೊಂದು ತುಂಡು: ತಲೆ, ಮುಟ್ಟಾಳೆ, ಎದೆ, ಎರಡು ತೋಳು, ಎರಡು ಮುಂಗೈ, ಎರಡು ತೊಡೆ, ಎರಡು ಕಾಲು. ಗಂಟುಗಳಲ್ಲಿ ಸೂಜಿಯಿಂದ ತೂತು ಮಾಡಿ ದಪ್ಪ ನೂಲು ಹಾಕಿ ಎರಡೂ ಕಡೆ ಗಂಟು. ಗಂಟು ಸಡಿಲ ಆದರೆ ಕೈ ಜೋತು ಬೀಳುತ್ತದೆ, ಬಿಗಿ ಆದರೆ ಹಾಳೆ ಸೀಳುತ್ತದೆ. ಸರಿಯಾದ ಗಂಟು ಕೈಗೆ ಹತ್ತಲು ನನಗೆ ನಾಲ್ಕು ದಿನ ಬೇಕಾಯಿತು.

ಏಪ್ರಿಲ್‌ನಲ್ಲಿ ರಜೆಗೆ ಬಂದವಳು ಪತ್ತಾಯ (ಭತ್ತ ತುಂಬಿಡುವ ಮರದ ಪೆಟ್ಟಿಗೆ) ಇರುವ ಕೋಣೆಯನ್ನು ಸ್ಟುಡಿಯೊ ಮಾಡಿಕೊಂಡೆ. ಹಳೆ ಕಿಟಕಿಯ ಗಾಜು, ಅದರ ಅಡಿಗೆ ಎರಡು ಸ್ಟೂಲು. ಗಾಜಿನ ಮೇಲೆ ಜರಡಿ ಹಿಡಿದ ಮುರಕಲ್ಲಿನ ಪುಡಿ, ಅದೇ ನನ್ನ ಗುಡ್ಡೆ. ಮೇಲೆ ಅಡ್ಡಕ್ಕೆ ಕಟ್ಟಿದ ಬಿದಿರು, ಬಿದಿರಿಗೆ ಕೆಳಮುಖವಾಗಿ ಮೊಬೈಲು. ಮೊಬೈಲನ್ನು ಮುಟ್ಟಿದರೆ ಅಲುಗುತ್ತದೆ. ಅದಕ್ಕೆ ಇಯರ್‌ಫೋನ್ ಸಿಕ್ಕಿಸಿ ಅದರ ವಾಲ್ಯೂಮ್ ಬಟನ್ ಒತ್ತಿ ಫೋಟೊ ಹೊಡೆಯುತ್ತಿದ್ದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಬೇಕು. ಇಲ್ಲದಿದ್ದರೆ ಮೊಬೈಲು ಪ್ರತಿ ಫೋಟೊಕ್ಕೂ ತನ್ನ ಲೆಕ್ಕದಲ್ಲಿ ಬೆಳಕು ಬದಲಿಸುತ್ತದೆ, ಫಿಲ್ಮ್ ಮಿನುಗುತ್ತದೆ. ಕಿಟಕಿಗೆ ಕಂಬಳಿ ಕಟ್ಟಿದೆ, ಯಾಕೆಂದರೆ ಸೂರ್ಯ ಒಂದು ಕಡೆ ನಿಲ್ಲುವುದಿಲ್ಲ. ಫ್ಯಾನ್ ಹಾಕುವ ಹಾಗಿಲ್ಲ, ಪುಡಿ ಹಾರುತ್ತದೆ. ಏಪ್ರಿಲ್ ಸೆಕೆಯಲ್ಲಿ ಕಪ್ಪು ಅಂಗಿ ಹಾಕಿಕೊಂಡು ಕೂರುತ್ತಿದ್ದೆ. ಬಿಳಿ ಬಟ್ಟೆಯ ಬೆಳಕು ಕೂಡ ಗಾಜಿಗೆ ಬೀಳುತ್ತದೆ. ಇದು ಗೊತ್ತಾದದ್ದು ಅಜ್ಜಿಯಿಂದ. ಮೂವತ್ತು ಫೋಟೊಗಳಲ್ಲಿ ಮೂರು ಮಾತ್ರ ಬೆಳ್ಳಗೆ ಬಂದಿದ್ದವು. ಕಾರಣ ಹುಡುಕಿದರೆ, ಅಜ್ಜಿ ಬಿಳಿ ಸೀರೆಯಲ್ಲಿ ಬಾಗಿಲ ಹತ್ತಿರ ಬಂದು "ಮಣ್ಣು ಒಳಗೆ ಯಾಕೆ ತಂದದ್ದು?" ಅಂತ ಕೇಳಿ ಹೋದ ಹೊತ್ತು ಅದು. ಆಮೇಲೆ ಅಜ್ಜಿಯೇ ಹೊರಗೆ ಜಗಲಿಯಲ್ಲಿ ಕೂತು, ಯಾರೂ ಒಳಗೆ ಬಾರದ ಹಾಗೆ ನೋಡಿಕೊಂಡರು.

ಮೇ ತಿಂಗಳ ಒಂದು ರಾತ್ರಿ ಗುಡುಗು ಮಳೆ ಬಂತು. ಬೆಳಿಗ್ಗೆ ನೋಡಿದರೆ ನನ್ನ ಮನುಷ್ಯ ಬೇರೆಯೇ ಆಗಿದ್ದ. ಹಾಳೆ ಒಣ ಹವೆಯಲ್ಲಿ ಸುರುಳಿ ಸುತ್ತುತ್ತದೆ, ತೇವ ಸಿಕ್ಕಿದರೆ ಬಿಡಿಸಿಕೊಳ್ಳುತ್ತದೆ. ನಿನ್ನೆಯ ಫೋಟೊದಲ್ಲಿ ಬಾಗಿದ್ದ ಬೆನ್ನು ಇವತ್ತು ನೆಟ್ಟಗೆ. ಒಂದೇ ಶಾಟ್‌ನ ನಡುವೆ ಹೀಗಾದರೆ ಜೋಡಿಸುವುದು ಹೇಗೆ? ನನಗೆ ಅಳು ಬಂತು, ನಿಜವಾಗಿ. ಅಮ್ಮ ಹೇಳಿದರು, ಹಾಳೆ ತಟ್ಟೆ ಮಾಡುವವರು ಎಂತ ಮಾಡುತ್ತಾರೆ ನೋಡು ಅಂತ. ಅವರು ಹಾಳೆಯನ್ನು ನೀರಿನಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಹಾಗೆ ಒತ್ತಿದ್ದು ಮತ್ತೆ ಸುರುಳಿ ಸುತ್ತುವುದಿಲ್ಲ. ನಮ್ಮಲ್ಲಿ ಅಚ್ಚು ಇಲ್ಲ, ಇಸ್ತ್ರಿಪೆಟ್ಟಿಗೆ ಉಂಟು. ನೆನೆಸಿದ ಹಾಳೆಯನ್ನು ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಹಾಕಿ, ಅದರ ಮೇಲೆ ಅರೆಯುವ ಕಲ್ಲು ಹೇರಿ ಒಂದು ದಿನ ಬಿಟ್ಟೆವು. ಹನ್ನೊಂದು ತುಂಡನ್ನೂ ಹೊಸದಾಗಿ ಕತ್ತರಿಸಿದೆ. ಈ ಎರಡನೆಯವನು ಇವತ್ತಿಗೂ ಹಾಗೇ ಇದ್ದಾನೆ, ನೋಡಿ.

ಈಗ ನಾನು ಹೇಳಲೇಬೇಕಾದ ಭಾಗ.

ನಮ್ಮ ಸುರಂಗ ತೋಡಿದ ಅಜ್ಜ ಈಗಲೂ ಇದ್ದಾರೆ. ಮನೆಯಿಂದ ಐದು ನಿಮಿಷ ಇಳಿದರೆ ಅವರ ಮನೆ. ಅಪ್ಪ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ತೋಡಿದ್ದಂತೆ. ಅಳತೆಯನ್ನು ಅವರು ಕೋಲಿನಲ್ಲಿ ಹೇಳುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ನಮ್ಮದು ಅರುವತ್ತು ಕೋಲು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ನನ್ನ ಹತ್ತಿರ ಕನ್ನಡ ಮಾತಾಡುತ್ತಾರೆ. ಅಗೆಯುವ ಶಾಟ್ ಮುಗಿದ ದಿನ ಖುಷಿಯಲ್ಲಿ ಅವರಿಗೆ ತೋರಿಸಲು ಓಡಿದೆ. 132 ಫೋಟೊ, ಹನ್ನೊಂದು ಸೆಕೆಂಡು. ಕ್ಲಾಸಿನಲ್ಲಿ ಕಲಿತ ಹಾಗೆ ಮಾಡಿದ್ದೆ: ಪೆಟ್ಟು ಹಾಕುವ ಮೊದಲು ಮೈ ಹಿಂದಕ್ಕೆ ಬಾಗಬೇಕು, ಪಿಕ್ಕಾಸು ತಲೆಯ ಮೇಲಿನಿಂದ ದೊಡ್ಡ ಕಮಾನಿನಲ್ಲಿ ಬರಬೇಕು, ಆಗ ತೂಕ ಕಾಣುತ್ತದೆ.

ಅಜ್ಜ ಎರಡು ಸಲ ನೋಡಿದರು. "ಹೀಗೆ ಎತ್ತಿದರೆ ಪಿಕ್ಕಾಸು ಮೇಲಿನ ಕಲ್ಲಿಗೆ ತಾಗ್ತದೆ ಮಗಳೇ. ಒಳಗೆ ಅಷ್ಟು ಜಾಗ ಎಲ್ಲಿ ಉಂಟು?"

ಸುರಂಗದ ಅಗಲ ಎರಡಡಿ, ಎತ್ತರ ಆರಡಿ. ಸಣ್ಣದಿರುವಾಗಿನಿಂದ ಒಳಗೆ ಓಡಾಡಿದವಳು ನಾನು. ಆದರೂ ಆ ಕೈ ಹೇಗೆ ಬೀಸಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಜ್ಜ ಜಗಲಿಯ ಮೂಲೆಯಲ್ಲಿ, ಎರಡು ಗೋಡೆ ಕೂಡುವಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಕೈಗೆ ಒಂದು ಕೋಲು ತೆಗೆದುಕೊಂಡರು. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಎತ್ತುವುದು ಎದೆಯವರೆಗೆ ಮಾತ್ರ. ಬಲ ಬರುವುದು ಸೊಂಟದಿಂದ. ಮೂರು ಪೆಟ್ಟು, ಒಂದು ಉಸಿರು. ಮತ್ತೆ ಮೂರು ಪೆಟ್ಟು. ಆಮೇಲೆ ಉದುರಿದ ಮಣ್ಣನ್ನು ಕೈಯಲ್ಲಿ ಹಿಂದಕ್ಕೆ ಎಳೆದು ಬುಟ್ಟಿಗೆ ತುಂಬುವ ಹಾಗೆ ತೋರಿಸಿದರು. ಮಣ್ಣು ಎಳೆಯುವಾಗ ಒಮ್ಮೆ ಅಂಗೈ ಅಗಲ ಮಾಡಿ ಗೋಡೆಗೆ ಒತ್ತಿ ಹಿಡಿದರು. ಅದು ಯಾಕೆ ಅಜ್ಜ ಅಂದೆ. "ತಂಪು ನೋಡುವುದು. ಮಣ್ಣು ತಂಪಾದರೆ ನೀರು ಹತ್ತಿರ."

ದೀಪದ ಬಗ್ಗೆಯೂ ಹೇಳಿದರು. ದೀಪ ಇರುವುದು ಬರೀ ಬೆಳಕಿಗಲ್ಲ. ಒಳಗೆ ಗಾಳಿ ಕಡಿಮೆಯಾದರೆ ಜ್ವಾಲೆ ಸಣ್ಣದಾಗುತ್ತದೆ, ಆಗ ಹೊರಗೆ ಬಂದುಬಿಡಬೇಕು. ನಾನು ಚಂದಕ್ಕೆ ಅಂತ ದೀಪ ಸಣ್ಣದು ಮಾಡಿದ್ದೆ. ಅದು ಅವರ ಉಸಿರಿನ ಲೆಕ್ಕ ಅಂತ ಗೊತ್ತಾದ ಮೇಲೆ ಆ ಶಾಟ್‌ನ ಅರ್ಥವೇ ಬದಲಾಯಿತು. ನನ್ನ ಮನುಷ್ಯ ಈಗ ಅಗೆಯುತ್ತಾ ಅಗೆಯುತ್ತಾ ಮಧ್ಯೆ ತಲೆ ತಿರುಗಿಸಿ ದೀಪ ನೋಡುತ್ತಾನೆ.

ಅಜ್ಜ ತೋರಿಸಿದ್ದನ್ನು ಅವರನ್ನು ಕೇಳಿಯೇ ಮೊಬೈಲಿನಲ್ಲಿ ಹಿಡಿದುಕೊಂಡೆ. ರಾತ್ರಿ ಒಂದೊಂದೇ ಫ್ರೇಮ್ ನಿಲ್ಲಿಸಿ ಎಣಿಸಿದೆ. ನನ್ನ ಲೆಕ್ಕದಲ್ಲಿ ಎತ್ತಲು ಆರು ಫೋಟೊ, ಪೆಟ್ಟಿಗೆ ಎರಡು, ಪೆಟ್ಟು ಬಿದ್ದ ಮೇಲೆ ಅಲುಗದೆ ಎರಡು. ಆ ಕೊನೆಯ ಎರಡರಲ್ಲೇ ಕಲ್ಲಿನ ಗಟ್ಟಿತನ ಕಾಣುವುದು. 132 ಫೋಟೊವನ್ನೂ ಅಳಿಸಿದೆ. ಕೊಡಲು ಒಂಬತ್ತು ದಿನ ಉಳಿದಿತ್ತು. ಅಂಗೈ ಗೋಡೆಗೆ ಒತ್ತುವುದನ್ನು ಹೊಸ ಶಾಟ್ ಆಗಿ ಸೇರಿಸಿದೆ. ಇಡೀ ಫಿಲ್ಮ್‌ನಲ್ಲಿ ನನಗೆ ಜಾಸ್ತಿ ಇಷ್ಟ ಅದೇ.

ಹನಿಯ ಬಗ್ಗೆ ಒಂದು ಮಾತು. ನೀರಿನ ಹನಿ ಗಾಜಿನ ಮೇಲೆ ಹರಡುತ್ತದೆ, ದೀಪದ ಬಿಸಿಗೆ ಆರುತ್ತದೆ. ಮೆಡಿಕಲ್ ಶಾಪಿನ ಗ್ಲಿಸರಿನ್ ಹಾಗಲ್ಲ, ಇಟ್ಟಲ್ಲೇ ಉಬ್ಬಿಕೊಂಡು ನಿಲ್ಲುತ್ತದೆ. ಸೂಜಿಯ ತುದಿಯಿಂದ ಒಂಚೂರು ಒಂಚೂರೇ ಸೇರಿಸುತ್ತಾ ಹನಿಯನ್ನು ದೊಡ್ಡದು ಮಾಡಿದೆ. ಉಬ್ಬಲು 24 ಫೋಟೊ, ಅಂದರೆ ಎರಡು ಸೆಕೆಂಡು. ಬೀಳಲು ಬರೀ ಮೂರು. ಆ ಮೂರನ್ನು ಎಲ್ಲೆಲ್ಲಿ ಇಡಬೇಕು? ಶಾಲೆಯಲ್ಲಿ ಕನ್ನಡದಲ್ಲೇ ಕಲಿತ ಪಾಠ ಸಹಾಯಕ್ಕೆ ಬಂತು. ಬೀಳುವ ವಸ್ತು ಸಮ ಸಮ ಸಮಯದಲ್ಲಿ ಒಂದು ಪಾಲು, ಮೂರು ಪಾಲು, ಐದು ಪಾಲು ಹೀಗೆ ದೂರ ಕ್ರಮಿಸುತ್ತದೆ. ಸ್ಕೇಲ್ ಇಟ್ಟು ಗುರುತು ಹಾಕಿದೆ: ಒಂದು ಸೆಂಟಿಮೀಟರು, ಮೂರು, ಐದು. ಓಡಿಸಿ ನೋಡಿದರೆ ಹನಿ ಬಿತ್ತು. ನಿಜವಾಗಿ ಬಿದ್ದ ಹಾಗೆಯೇ ಬಿತ್ತು. ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ಹತ್ತು ಸಲ ನೋಡಿದ್ದೇನೆ.

ಎಲ್ಲವನ್ನೂ ಬ್ಲೆಂಡರ್‌ನಲ್ಲಿ ಜೋಡಿಸಿದೆ. ಉಚಿತ ಸಾಫ್ಟ್‌ವೇರ್, ಫೋಟೊಗಳನ್ನು ಸಾಲಾಗಿ ಕೊಟ್ಟರೆ ವಿಡಿಯೊ ಮಾಡಿಕೊಡುತ್ತದೆ. ಶೀರ್ಷಿಕೆ 'ಗುಡ್ಡೆಯ ಹೊಟ್ಟೆಯಲ್ಲಿ'. ಬೇರೆ ಒಂದು ಸಾಫ್ಟ್‌ವೇರ್‌ನಲ್ಲಿ ಅದನ್ನು ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಒಡೆದು ಪಕ್ಕಕ್ಕೆ ಹೋಗಿ ಕೂತವು. ಡ್ಡ, ಟ್ಟ, ಲ್ಲಿ, ಒಂದೂ ಸರಿಯಿಲ್ಲ. ನಾನು ಕನ್ನಡದಲ್ಲಿ ಮಾಡಿದ ಫಿಲ್ಮ್‌ನ ಹೆಸರು ಹಾಗೆ ಕಾಣುವುದು ನನಗೆ ಬೇಡವಾಗಿತ್ತು. ಗಾಜಿನ ಮೇಲೆ ಕೆಂಪು ಪುಡಿ ಹರಡಿ ಬೆರಳಿನಲ್ಲಿ ಬರೆದೆ. ಒಂದೊಂದು ಅಕ್ಷರಕ್ಕೂ ಫೋಟೊ ಹೊಡೆದೆ. ಈಗ ಹೆಸರು ತಾನೇ ಬರೆದುಕೊಳ್ಳುವ ಹಾಗೆ ಕಾಣುತ್ತದೆ.

ಕೊಟ್ಟೆ. ಮಾರ್ಕು ಚೆನ್ನಾಗಿಯೇ ಬಂತು. ಅಡ್ಡ ಸೀಳಿ ತೋರಿಸಿದ ಗುಡ್ಡೆಯ ಶಾಟ್ ನೋಡಿ ಟೀಚರ್ "ಈಗ ಗೊತ್ತಾಯಿತು" ಅಂದರು.

ಊರಿಗೆ ಬಂದ ಮೇಲೆ ಅಜ್ಜನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಅವರ ಮನೆಯವರೆಲ್ಲ ಸುತ್ತ ಕೂತಿದ್ದರು. ಪಿಕ್ಕಾಸು ಬೀಸುವಾಗ ಅಜ್ಜನ ಮೊಣಕೈ ಪಕ್ಕೆಗೆ ಅಂಟಿಕೊಂಡು ಅಲುಗುತ್ತಿತ್ತು, ನಾನು ಫಿಲ್ಮ್ ಬಿಟ್ಟು ಅದನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಇವನ ಮುಟ್ಟಾಳೆಗೆ ಎಲ್ಲಿಯ ಹಾಳೆ?" ನಿಮ್ಮದೇ ಅಜ್ಜ, ಹರಿದದ್ದು ಅಂತ ನೀವು ಕೊಟ್ಟಿದ್ದಿರಲ್ಲ, ಅದರ ಅಂಚು ಅಂದೆ. "ಹಾಂ" ಅಂದರು. "ಇನ್ನೊಮ್ಮೆ ಹಾಕು."

ಈಗ ನಿಮಗೂ ಹಾಕುತ್ತೇನೆ. ಒಂದೂವರೆ ನಿಮಿಷ. ಸೌಂಡ್ ಸ್ವಲ್ಪ ಜೋರಾಗಿ ಇಟ್ಟುಕೊಳ್ಳಿ, ಸಾಧ್ಯವಾದರೆ ಇಯರ್‌ಫೋನ್ ಹಾಕಿ. ಶಬ್ದ ಎಲ್ಲ ನಮ್ಮ ಸುರಂಗದ ಒಳಗೇ ರೆಕಾರ್ಡ್ ಮಾಡಿದ್ದು. ಮೊದಲ ಹನಿಯ ಶಬ್ದ ಬಹಳ ಸಣ್ಣದು.