ಆ್ಯಪ್ ಇದೆ, ಕೈಗೆ ಕೊಡೋರು ಯಾರು?

ನಮಸ್ಕಾರ. 14416. ಈ ನಂಬರ್ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಟೆಲಿ ಮಾನಸ್, ಮನಸ್ಸಿಗೆ ಕಷ್ಟ ಆದಾಗ ಫೋನ್ ಮಾಡಿ ಮಾತಾಡೋಕೆ ಇರೋ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೀತಿದೆ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡ್ಬಹುದು, ಒಂದು ಪೈಸೆ ಕೊಡ್ಬೇಕಿಲ್ಲ. ಇದರ ಬೆನ್ನಿಗಿರೋದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. 2024ರಲ್ಲಿ ಆ್ಯಪ್ ಕೂಡ ಬಂತು. ಆದ್ರೆ ಯಾರನ್ನ ಕೇಳಿದ್ರೂ, ‘108 ಗೊತ್ತು, 112 ಗೊತ್ತು, ಇದ್ಯಾವ್ದು?’

ಜಾಹೀರಾತು ಸಾಲ್ದು ಅಂತಾರೆ. ನಾನು ಒಪ್ಪಲ್ಲ. ಡೌನ್‌ಲೋಡ್ ಮಾಡಿಸೋದು ಸುಲಭ, ಆಮೇಲೆ? 2019ರಲ್ಲಿ ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆ ನೋಡಿದ ಒಂದು ಅಧ್ಯಯನ ಬಂತು. ಹಾಕ್ಕೊಂಡ ನೂರು ಜನರಲ್ಲಿ ಹದಿನೈದನೇ ದಿನಕ್ಕೆ ಉಳಿದೋರು ಹೆಚ್ಚುಕಮ್ಮಿ ನಾಲ್ಕೇ ಮಂದಿ! ಮನಸ್ಸು ಕುಸಿದೋರಿಗೆ ಬೆಳಿಗ್ಗೆ ಎದ್ದು ಹಲ್ಲುಜ್ಜೋದೇ ಕಷ್ಟ, ಅವರಿಗೆ ‘ಮೂರನೇ ಪಾಠ ಮುಗಿಸಿ’ ಅಂತ ನೋಟಿಫಿಕೇಶನ್ ಕಳಿಸಿದ್ರೆ? ಅದೇ ಪಾಠಕ್ಕೆ, ವಾರಕ್ಕೊಮ್ಮೆ ಒಬ್ಬ ಮನುಷ್ಯ ‘ಎಲ್ಲಿವರೆಗೆ ಬಂತು?’ ಅಂತ ವಿಚಾರಿಸಿದ್ರೆ ಮುಂದುವರಿಸೋರು ಜಾಸ್ತಿ. ಇದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿರೋ ವಿಷ್ಯ.

ಆ ಮನುಷ್ಯ ಯಾರು? ನಿದ್ದೆ ಬರಲ್ಲ, ಎದೆ ಢವಢವ ಅನ್ನುತ್ತೆ, ಗ್ಯಾಸ್ ಇರ್ಬೇಕು ಅಂತ ಜನ ಮೊದ್ಲು ಹೋಗೋದು ಪಿಎಚ್‌ಸಿಗೆ, ಇಲ್ಲಾಂದ್ರೆ ಬೀದಿ ಕೊನೆ ಮೆಡಿಕಲ್ ಶಾಪಿಗೆ. ಅಲ್ಲಿ ಗೋಡೆ ಮೇಲೆ ಪೋಸ್ಟರ್ ಅಂಟಿಸಿದ್ರೆ ಎಲ್ಲರೆದುರು ನಿಂತು ಯಾರೂ ನಂಬರ್ ಬರ್ಕೊಳ್ಳಲ್ಲ. ಬಿ.ಪಿ. ನೋಡಿದ ನರ್ಸಮ್ಮನೇ ‘ಇಲ್ಲಿಗೊಂದ್ಸಲ ಮಾತಾಡಿ ನೋಡಮ್ಮ, ಈಗ್ಲೇ ಡಯಲ್ ಮಾಡಿ ಕೊಡ್ಲಾ?’ ಅಂದ್ರೆ ಲೆಕ್ಕವೇ ಬೇರೆ. ಆಶಾ ಕಾರ್ಯಕರ್ತೆಯರ ತಲೆಗೇ ಇದನ್ನೂ ಕಟ್ಟಿ ಅಂತ ಹೇಳ್ತಿಲ್ಲ. ಕಟ್ಟೋದಾದ್ರೆ ಅದಕ್ಕೆ ಬೇರೆ ದುಡ್ಡು ಕೊಡಿ.

ಇನ್ನೊಂದು ಮಾತು. ಆ ಫೋನಾದ್ರೂ ಯಾರದ್ದು? ಎಷ್ಟೋ ಮನೇಲಿ ಗಂಡಂದು, ಇಲ್ಲ ಮಗಂದು. ಓಟಿಪಿ ಬಂದ ತಕ್ಷಣ ‘ಏನಿದು, ಯಾರಿಗೆ ಹುಚ್ಚು?’ ಅಂತ ಶುರುವಾಗುತ್ತೆ. ಹೆಣ್ಮಕ್ಕಳು ಆ್ಯಪ್ ಬಳಸ್ತಿಲ್ಲ ಅಂತ ವರದಿ ಬರೆಯೋ ಮೊದ್ಲು, ಹೆಸರು ಕೇಳದೆ, ಓಟಿಪಿ ಕೇಳದೆ, ಸ್ಕ್ರೀನ್ ಮೇಲೆ ಮೆಸೇಜ್ ತೋರಿಸದೆ ನಡೆಯೋ ಹಾಗೆ ಮಾಡಿ ನೋಡ್ರಪ್ಪ.

ನಂಬರ್ ಇನ್ನೊಂದ್ಸಲ ಹೇಳ್ತೀನಿ, 14416. ದಯವಿಟ್ಟು ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡ್ಬೇಡಿ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕಳೆದುಹೋಗುತ್ತೆ. ನಿಮಗೆ ಗೊತ್ತಿರೋ ಒಬ್ಬರ ಪಕ್ಕ ಕೂತು, ಅವರು ಹೂಂ ಅಂದ್ರೆ, ನಿಮ್ಮ ಫೋನಿಂದಲೇ ಡಯಲ್ ಮಾಡಿ ಕೊಡಿ. ಕೊಟ್ಟು ರೂಮಿಂದ ಆಚೆ ಬನ್ನಿ.