60 ದಿನದ ಬೇಡಿಕೆ: ತೈವಾನಿನ ಅಮೆರಿಕನ್ ಚೇಂಬರ್ ಕಲಿಸುವ ಪಾಠ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಸರ್ಕಾರ ಹೊಸ ನಿಯಮದ ಕರಡು ಹೊರಡಿಸಿದಾಗ, ಅದರ ಬಗ್ಗೆ ಆಕ್ಷೇಪಣೆ, ಸಲಹೆ ಹೇಳಲು ಎಷ್ಟು ದಿನ ಕೊಡಬೇಕು?

ತೈವಾನಿನಲ್ಲಿ 2016ರವರೆಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಎರಡು ವಾರ, ಕೆಲವೊಮ್ಮೆ ಅದಕ್ಕೂ ಕಡಿಮೆ. ಆ ವರ್ಷದ ಅಕ್ಟೋಬರಿನಿಂದ ವ್ಯಾಪಾರ, ಹೂಡಿಕೆ, ಬೌದ್ಧಿಕ ಆಸ್ತಿಗೆ ಸಂಬಂಧಿಸಿದ ಕರಡುಗಳಿಗೆ ಅದು 60 ದಿನ ಆಯಿತು. ಇದನ್ನು ವರ್ಷಗಟ್ಟಲೆ ಬಿಡದೆ ಕೇಳುತ್ತಾ ಬಂದವರಲ್ಲಿ ಒಬ್ಬರು ಅಲ್ಲಿನ ರಾಜಧಾನಿ ತೈಪೆಯಲ್ಲಿರುವ ಅಮೆರಿಕನ್ ಚೇಂಬರ್ ಆಫ್ ಕಾಮರ್ಸ್‌ನವರು. ಈಗ ಅದರ ಹೆಸರು ಆಮ್‌ಚಾಮ್ ತೈವಾನ್. ಇವತ್ತು ನಾನು ಮಾತಾಡುವುದು ಈ ಚೇಂಬರ್ ಬಗ್ಗೆ. ಅವರು ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ, ಅದರಲ್ಲಿ ಯಾವುದನ್ನು ಒಪ್ಪಬೇಕು, ಯಾವುದರ ಹತ್ತಿರ ಸ್ವಲ್ಪ ನಿಂತು ಯೋಚಿಸಬೇಕು, ಇಷ್ಟೇ ವಿಷಯ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ವಿದೇಶಿ ಚೇಂಬರ್ ಅಂದರೆ ಲಾಬಿಯೇ. ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯ ಇಲ್ಲ. ಒಂದು ದೇಶದ ಕಂಪನಿಗಳು ಇನ್ನೊಂದು ದೇಶದಲ್ಲಿ ಒಂದು ಸಂಘ ಕಟ್ಟಿಕೊಂಡು, ಸದಸ್ಯರ ವಂತಿಗೆಯಲ್ಲಿ ಅದನ್ನು ನಡೆಸುತ್ತಾ, ಅಲ್ಲಿನ ಸರ್ಕಾರದ ಮುಂದೆ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅಮೆರಿಕದವರು ಹೊರದೇಶದಲ್ಲಿ ಇಂಥ ಚೇಂಬರ್ ಮೊದಲು ಕಟ್ಟಿದ್ದು ಪ್ಯಾರಿಸ್‌ನಲ್ಲಿ, 1894ರಲ್ಲಿ. ತೈಪೆಯಲ್ಲಿ ಕಟ್ಟಿದ್ದು 1951ರಲ್ಲಿ.

ಆದರೆ ತೈಪೆಯ ಚೇಂಬರ್ ಉಳಿದವುಗಳ ಹಾಗಲ್ಲ. ಅದಕ್ಕೆ ಕಾರಣ 1979. ಆ ವರ್ಷ ಜನವರಿ 1ಕ್ಕೆ ಅಮೆರಿಕ ಚೀನಾದ ಬೀಜಿಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟು ತೈವಾನ್ ಜೊತೆಗಿನ ಅಧಿಕೃತ ಸಂಬಂಧ ಕಡಿದುಕೊಂಡಿತು. ರಾಯಭಾರ ಕಚೇರಿ ಮುಚ್ಚಿತು. ಅಲ್ಲಿ ಫ್ಯಾಕ್ಟರಿ ಹಾಕಿದ್ದವರು, ಬ್ಯಾಂಕ್ ನಡೆಸುತ್ತಿದ್ದವರು ಏನು ಮಾಡಬೇಕು? ಒಪ್ಪಂದಗಳಿಗೆ ಬೆಲೆ ಇದೆಯಾ? ಸಾಲಕ್ಕೆ ಗ್ಯಾರಂಟಿ ಉಳಿಯುತ್ತದಾ? ಆಗಿನ ಚೇಂಬರ್ ಅಧ್ಯಕ್ಷ ರಾಬರ್ಟ್ ಪಾರ್ಕರ್ ವಾಷಿಂಗ್ಟನ್ನಿಗೆ ಹೋಗಿ ಸೆನೆಟ್ ಸಮಿತಿಯ ಮುಂದೆ ಮಾತಾಡಿದರು. ವ್ಯಾಪಾರದ ಭವಿಷ್ಯ ದ್ವೀಪದ ಭದ್ರತೆಯ ಮೇಲೆ ನಿಂತಿದೆ, ಅಮೆರಿಕ ಸರ್ಕಾರ ತಂದ ಮಸೂದೆ ಸಾಲದು ಅನ್ನುವುದು ಅವರ ವಾದ. ಕೊನೆಗೆ ಅಮೆರಿಕದ ಸಂಸತ್ತು ಬಿಗಿಗೊಳಿಸಿದ, ತೈವಾನ್ ಜೊತೆ ಅನಧಿಕೃತ ಸಂಬಂಧ ಮುಂದುವರಿಸುವ ತೈವಾನ್ ಸಂಬಂಧಗಳ ಕಾಯ್ದೆಗೆ ಏಪ್ರಿಲ್ 10ರಂದು ಸಹಿ ಬಿತ್ತು. ಆ ಕಾಯ್ದೆ ಚೇಂಬರ್ ಒಂದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಅದು ಅತಿಯಾಗುತ್ತದೆ. ಆದರೆ ರಾಯಭಾರಿಯೇ ಇಲ್ಲದ ಜಾಗದಲ್ಲಿ ವ್ಯಾಪಾರಿಗಳ ಸಂಘದ ಮಾತಿಗೆ ತೂಕ ಜಾಸ್ತಿ ಆಗುತ್ತದೆ, ಅಲ್ವಾ? ಅಲ್ಲಿಂದ ಇಲ್ಲಿಯವರೆಗೆ ಆ ತೂಕ ಕಡಿಮೆಯಾಗಿಲ್ಲ.

ಈಗ ಅವರು ಕೆಲಸ ಮಾಡುವ ರೀತಿ ನೋಡೋಣ. 1996ರಿಂದ ಅವರು ವರ್ಷಕ್ಕೊಂದು ಶ್ವೇತಪತ್ರ ತರುತ್ತಾರೆ. ಬ್ಯಾಂಕಿಂಗ್, ಔಷಧ, ವೈದ್ಯಕೀಯ ಸಾಧನ, ಇಂಧನ, ತೆರಿಗೆ ಹೀಗೆ ಒಂದೊಂದು ಕ್ಷೇತ್ರಕ್ಕೂ ಒಂದೊಂದು ಸಮಿತಿ ಇರುತ್ತದೆ. ಸಮಿತಿಯಲ್ಲಿ ಕೂರುವವರು ಆ ಕ್ಷೇತ್ರದಲ್ಲೇ ದಿನಾ ಒದ್ದಾಡುವ ಜನ. ಯಾವ ನಿಯಮ ತೊಂದರೆ ಕೊಡುತ್ತಿದೆ, ಅದು ಹೇಗೆ ಬದಲಾಗಬೇಕು ಅಂತ ಅವರು ಬರೆಯುತ್ತಾರೆ. ಸುಮ್ನೆ 'ಹೂಡಿಕೆಗೆ ಒಳ್ಳೆ ವಾತಾವರಣ ಬೇಕು' ಅಂತ ಬರೆದರೆ ಯಾವ ಅಧಿಕಾರಿಯೂ ಏನೂ ಮಾಡಲಾಗದು. ಯಾವ ಇಲಾಖೆ, ಯಾವ ನಿಯಮ, ಏನು ತಿದ್ದುಪಡಿ ಅಂತ ಹೇಳಿದಾಗ ಮಾತ್ರ ಅದಕ್ಕೊಂದು ಉತ್ತರ ಸಿಗುತ್ತದೆ. ಸರ್ಕಾರದ ಕಡೆಯಿಂದ ರಾಷ್ಟ್ರೀಯ ಅಭಿವೃದ್ಧಿ ಮಂಡಳಿ ಅನ್ನುವ ಸಂಸ್ಥೆ ಈ ಬೇಡಿಕೆಗಳನ್ನು ಸಂಬಂಧಪಟ್ಟ ಇಲಾಖೆಗಳ ಮುಂದಿಡುತ್ತದೆ, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತದೆ. ಮುಂದಿನ ವರ್ಷದ ಪತ್ರದಲ್ಲಿ ಹಿಂದಿನ ಬೇಡಿಕೆಗಳಲ್ಲಿ ಯಾವುದು ಮುಂದೆ ಹೋಯಿತು, ಯಾವುದು ನಿಂತಲ್ಲೇ ನಿಂತಿತು ಅನ್ನುವ ಲೆಕ್ಕವೂ ಬರುತ್ತದೆ.

ನನಗೆ ಇದರಲ್ಲಿ ತುಂಬ ಮುಖ್ಯ ಅನ್ನಿಸುವುದು ಅದು ಎಲ್ಲರಿಗೂ ಓದಲು ಸಿಗುತ್ತದೆ ಅನ್ನುವುದು. ಸಚಿವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳುವ ಬೇಡಿಕೆಗೂ ಅಚ್ಚು ಹಾಕಿಸಿ ಹಂಚುವ ಬೇಡಿಕೆಗೂ ಬಹಳ ವ್ಯತ್ಯಾಸ ಇದೆ. ಎರಡನೆಯದನ್ನು ಸ್ಥಳೀಯ ರೈತ ಸಂಘ ಓದಬಹುದು, ವಿರೋಧ ಪಕ್ಷ ಓದಬಹುದು, ಪತ್ರಕರ್ತ ಓದಬಹುದು, ಓದಿ ಜಗಳಕ್ಕೂ ನಿಲ್ಲಬಹುದು. ಲಾಬಿ ಇರುವುದೇ ಆದರೆ ಅದು ಬೆಳಕಿನಲ್ಲಿ ಇರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು 60 ದಿನದ ವಿಷಯ. ಕೇಳಲು ತೀರಾ ಸಪ್ಪೆ ಅನ್ನಿಸಬಹುದು. ಆದರೆ ಸ್ವಲ್ಪ ಯೋಚಿಸಿ. ಆಹಾರದ ಪ್ಯಾಕೆಟ್ ಮೇಲಿನ ಲೇಬಲ್ ಹೇಗಿರಬೇಕು ಅಂತ ಒಂದು ಕರಡು ಬರುತ್ತದೆ. ಅದು ಚೀನೀ ಭಾಷೆಯಲ್ಲಿ ಇರುತ್ತದೆ. ಅನುವಾದ ಆಗಬೇಕು, ಹೆಡ್ ಆಫೀಸಿಗೆ ಹೋಗಬೇಕು, ಅಲ್ಲಿನ ತಾಂತ್ರಿಕ ಜನ ಓದಬೇಕು, ವಕೀಲರು ನೋಡಬೇಕು, ಉತ್ತರ ತಯಾರಾಗಬೇಕು. ಇಷ್ಟರಲ್ಲಿ ಎರಡು ವಾರ ಮುಗಿದಿರುತ್ತದೆ. ಸರಕು ಆಗಲೇ ಹಡಗಿನಲ್ಲಿ ಇರುತ್ತದೆ, ಹಳೇ ಲೇಬಲ್ ಅಂಟಿಸಿಕೊಂಡು. ಬಂದರಿನಲ್ಲಿ ಇಳಿಯುವಾಗ ನಿಯಮವೇ ಬೇರೆ. ಇಷ್ಟು ಕಡಿಮೆ ದಿನ ಕೊಟ್ಟು ಅಭಿಪ್ರಾಯ ಕೇಳುವುದು, ಊಟ ಬಡಿಸಿದ ಮೇಲೆ ಸಾರಿಗೆ ಉಪ್ಪು ಎಷ್ಟು ಹಾಕಲಿ ಅಂತ ಕೇಳಿದ ಹಾಗೆ.

ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ, ವ್ಯಾಪಾರದ ತಾಂತ್ರಿಕ ಅಡೆತಡೆಗಳನ್ನು ನೋಡುವ ಸಮಿತಿ ಕೂಡ ಕನಿಷ್ಠ 60 ದಿನ ಕೊಡಿ ಅಂತಲೇ ಸದಸ್ಯರಿಗೆ ಹೇಳುತ್ತದೆ. ತೈವಾನ್ 2002ರ ಜನವರಿ 1ರಿಂದ ಡಬ್ಲ್ಯುಟಿಒ ಸದಸ್ಯ. ಹಾಗಾಗಿ ಚೇಂಬರ್ ಕೇಳಿದ್ದು ಲೋಕದಲ್ಲಿ ಇಲ್ಲದ ಸವಲತ್ತನ್ನಲ್ಲ, ಎಲ್ಲರೂ ಒಪ್ಪಿಕೊಂಡಿರುವ ಒಂದು ಪದ್ಧತಿಯನ್ನು.

ಇದರ ಲಾಭ ಯಾರಿಗೆ ಹೋಯಿತು ಅಂತ ನೋಡಿ. ಕರಡುಗಳು ಈಗ ಸರ್ಕಾರದ 'ಜಾಯಿನ್' ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಬರುತ್ತವೆ. ಅಮೆರಿಕದ ದೊಡ್ಡ ಕಂಪನಿಗೆ ಸಿಗುವಷ್ಟೇ ದಿನ ತೈನಾನ್ ನಗರದಲ್ಲಿ ಹತ್ತು ಜನರನ್ನು ಇಟ್ಟುಕೊಂಡು ಬಿಡಿಭಾಗ ಮಾಡುವವರಿಗೂ ಸಿಗುತ್ತದೆ. ಅಷ್ಟೇ ಏಕೆ, ಆ ಕಂಪನಿಯನ್ನು ವಿರೋಧಿಸುವ ಗ್ರಾಹಕ ಸಂಘಕ್ಕೂ ಸಿಗುತ್ತದೆ. ನಿಜ ಹೇಳಬೇಕೆಂದರೆ ದೊಡ್ಡವರಿಗೆ ವಕೀಲರ ದಂಡೇ ಇರುತ್ತದೆ, ಎರಡು ವಾರದಲ್ಲಿ ಅವರು ಹೇಗೋ ಉತ್ತರ ಕೊಟ್ಟಾರು. ಸಮಯ ಸಾಲದೆ ಹೋಗುವುದು ಸಣ್ಣವರಿಗೆ. ಹೊರಗಿನವರು ತಮಗಾಗಿ ಕೇಳಿದ್ದು ಒಳಗಿನ ಸಣ್ಣವರಿಗೆ ಜಾಸ್ತಿ ಉಪಯೋಗ ಆಯಿತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಗಾಗಿ ಇಂಥ ಚೇಂಬರ್‌ಗಳ ಪ್ರತಿ ಬೇಡಿಕೆಯನ್ನೂ ನಾನು ಒಂದೇ ಪ್ರಶ್ನೆ ಹಿಡಿದು ಓದುತ್ತೇನೆ. ಇದು ಈಡೇರಿದರೆ ಸದಸ್ಯರನ್ನು ಬಿಟ್ಟು ಇನ್ಯಾರಿಗೆ ಲಾಭ? ನಷ್ಟ ಆದರೆ ಅದನ್ನು ಹೊರುವವರು ಯಾರು?

ಈ ಪ್ರಶ್ನೆ ಹಿಡಿದುಕೊಂಡು ಹಂದಿಮಾಂಸದ ವಿಷಯಕ್ಕೆ ಹೋಗೋಣ. ಅಲ್ಲಿ ಉತ್ತರ ಇಷ್ಟು ಸುಲಭ ಇಲ್ಲ.

ರಾಕ್ಟೋಪಮೈನ್ ಅಂತ ಒಂದು ಔಷಧ ಇದೆ. ಪ್ರಾಣಿಗಳ ಮೇವಿಗೆ ಹಾಕುತ್ತಾರೆ, ಕೊಬ್ಬು ಕಡಿಮೆಯಾಗಿ ಮಾಂಸ ಜಾಸ್ತಿ ಬರುತ್ತದೆ. ಅಮೆರಿಕದಲ್ಲಿ ಒಪ್ಪಿಗೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ, ಚೀನಾದಲ್ಲಿ, ರಷ್ಯಾದಲ್ಲಿ ಇಲ್ಲ. ಆಹಾರ ಮಾನದಂಡಗಳ ಅಂತರರಾಷ್ಟ್ರೀಯ ಸಂಸ್ಥೆ ಕೋಡೆಕ್ಸ್ 2012ರ ಜುಲೈನಲ್ಲಿ ಮಾಂಸದಲ್ಲಿ ಇದರ ಉಳಿಕೆಗೆ ಮಿತಿ ಗೊತ್ತುಮಾಡಿತು. ಆ ತೀರ್ಮಾನ ಪಾಸಾದದ್ದು 69 ಮತಕ್ಕೆ 67 ಮತ ಎದುರಾಗಿ. ಎರಡೇ ಎರಡು ಮತದ ಅಂತರ. ಅದೇ ತಿಂಗಳು ತೈವಾನ್ ಸಂಸತ್ತು ದನದ ಮಾಂಸದ ಮಟ್ಟಿಗೆ ಬಾಗಿಲು ತೆರೆಯಿತು. ಈ ಜಗಳದಿಂದ ನಿಂತುಹೋಗಿದ್ದ ಅಮೆರಿಕ-ತೈವಾನ್ ವ್ಯಾಪಾರ ಮಾತುಕತೆ 2013ರ ಮಾರ್ಚಿನಲ್ಲಿ ಮತ್ತೆ ಶುರುವಾಯಿತು. ಹಂದಿಮಾಂಸ ಮಾತ್ರ ಉಳಿಯಿತು.

ಚೇಂಬರ್ ನಿಲುವು ಮೊದಲಿಂದಲೂ ಒಂದೇ. ಈ ಗಂಟು ಬಿಡಿಸಿ, ಆಗ ದ್ವಿಪಕ್ಷೀಯ ವ್ಯಾಪಾರ ಒಪ್ಪಂದದ ಮಾತು ಮುಂದೆ ಹೋಗುತ್ತದೆ. 2020ರ ಆಗಸ್ಟ್ 28ರಂದು ತೈವಾನಿನ ಆಗಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಇಂಥ ಹಂದಿಮಾಂಸದ ಆಮದಿಗೆ ಒಪ್ಪಿಗೆ ಕೊಡುವುದಾಗಿ ಹೇಳಿದರು. 2021ರ ಜನವರಿ 1ರಿಂದ ಜಾರಿ. ಚೇಂಬರ್ ಸ್ವಾಗತಿಸಿತು. ಜನ ಬೀದಿಗಿಳಿದರು. 2020ರ ನವೆಂಬರಿನಲ್ಲಿ ವಿರೋಧ ಪಕ್ಷದ ಸದಸ್ಯರು ಸಂಸತ್ತಿನ ಒಳಗೆ ಹಂದಿಯ ಕರುಳು ಎಸೆದರು. 2021ರ ಡಿಸೆಂಬರ್ 18ಕ್ಕೆ ಜನಮತಗಣನೆ ನಡೆಯಿತು. ನಿಷೇಧ ಬೇಕು ಅನ್ನುವವರು ಸೋತರು, ಆದರೆ ಬಹಳ ಹತ್ತಿರ ಬಂದು ಸೋತರು.

ಈ ವಿಷಯದಲ್ಲಿ ನಾನು ಚೇಂಬರ್ ತಪ್ಪು ಅನ್ನುವುದಿಲ್ಲ. ಆದರೆ ಇದು ಬರೀ ನಿಯಮ ಸುಧಾರಣೆ ಅನ್ನುವ ಮಾತನ್ನೂ ಒಪ್ಪುವುದಿಲ್ಲ. ಜನ ತಾವು ತಿನ್ನುವುದರ ಬಗ್ಗೆ ತಾವೇ ತೀರ್ಮಾನ ಮಾಡಬೇಕು. ವಿಜ್ಞಾನದ ವರದಿಗಳನ್ನು ಅವರ ಮುಂದೆ ಇಡಿ, ಲೇಬಲ್ ಹಾಕಿ, ಮತ ಕೇಳಿ. ತೈವಾನ್ ಕೊನೆಗೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಲಾಭ ಅಮೆರಿಕದ ರಫ್ತುದಾರರಿಗೆ, ಆತಂಕ ಅಲ್ಲಿನ ಗ್ರಾಹಕರಿಗೆ ಮತ್ತು ಹಂದಿ ಸಾಕುವವರಿಗೆ ಅನ್ನುವಂಥ ಕಡೆ ಸರ್ಕಾರ ಅವಸರ ಮಾಡಬಾರದು.

ಔಷಧ ಪೇಟೆಂಟಿನ ವಿಷಯವೂ ಇದೇ ಜಾತಿಯದು. ಮೂಲ ಔಷಧದ ಪೇಟೆಂಟ್ ಬಗ್ಗೆ ತಕರಾರು ಬಂದರೆ ಜೆನೆರಿಕ್ ಔಷಧದ ಅನುಮತಿಯನ್ನು 12 ತಿಂಗಳವರೆಗೆ ತಡೆಹಿಡಿಯುವ ವ್ಯವಸ್ಥೆ ಅಲ್ಲಿ 2019ರ ಆಗಸ್ಟ್ 20ರಿಂದ ಇದೆ. ಸಂಶೋಧನೆ ಮಾಡುವ ಕಂಪನಿಗೆ ರಕ್ಷಣೆ ಬೇಕು, ನಿಜ. ಅಗ್ಗದ ಮಾತ್ರೆ ತಡವಾಗಿ ಬಂದರೆ ಬೆಲೆ ತೆರುವವರು ರೋಗಿಗಳು, ಅದೂ ನಿಜ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ವಿದೇಶಿ ಚೇಂಬರ್ ತನ್ನ ಸ್ವಂತ ದೇಶದ ಸರ್ಕಾರದ ಬಾಗಿಲನ್ನೂ ತಟ್ಟುತ್ತದೆ. ತೈಪೆಯ ಚೇಂಬರ್ ನಿಯೋಗ ವಾಷಿಂಗ್ಟನ್ನಿಗೆ ಹೋಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಇದಕ್ಕೆ ಅವರು ಇಟ್ಟ ಹೆಸರೇ 'ಡೋರ್‌ನಾಕ್'. ಅಲ್ಲಿ ಅವರ ದೊಡ್ಡ ಬೇಡಿಕೆಗಳಲ್ಲಿ ಒಂದು ಡಬಲ್ ಟ್ಯಾಕ್ಸ್ ತಪ್ಪಿಸಿ ಅನ್ನುವುದು. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇಲ್ಲ. ಅಧಿಕೃತ ಸಂಬಂಧ ಇಲ್ಲದ್ದರಿಂದ ಮಾಮೂಲಿ ಒಪ್ಪಂದ ಮಾಡುವುದೂ ಕಷ್ಟ. ಹಾಗಾಗಿ ಅಮೆರಿಕದಲ್ಲಿ ಗಳಿಸಿದ ಲಾಭಾಂಶವನ್ನು ತೈವಾನಿಗೆ ಕಳಿಸುವಾಗ 30 ಶೇಕಡಾ ತೆರಿಗೆ ಅಲ್ಲೇ ಕಡಿತ ಆಗುತ್ತದೆ. ಅರಿಝೋನಾದಲ್ಲಿ ಚಿಪ್ ಕಾರ್ಖಾನೆ ಕಟ್ಟಿ ಅಂತ ತೈವಾನಿನ ಟಿಎಸ್‌ಎಂಸಿಯನ್ನು ಕರೆದವರು ಅಮೆರಿಕದವರೇ. ಆ ದೊಡ್ಡ ಕಂಪನಿ ಹೇಗೋ ನಿಭಾಯಿಸುತ್ತದೆ. ಅದರ ಹಿಂದೆ ಹೋಗಬೇಕಾದ ಸಣ್ಣ ಪೂರೈಕೆದಾರರು ಈ ಲೆಕ್ಕ ನೋಡಿ ಹಿಂಜರಿಯುತ್ತಾರೆ. 2025ರ ಜನವರಿಯಲ್ಲಿ ಇದನ್ನು ಸರಿಪಡಿಸುವ ಮಸೂದೆ ಅಮೆರಿಕದ ಕೆಳಮನೆಯಲ್ಲಿ 423ಕ್ಕೆ 1 ಮತದಿಂದ ಪಾಸಾಯಿತು. ನನ್ನ ಪ್ರಶ್ನೆಗೆ ಇಲ್ಲಿ ಉತ್ತರ ಸ್ಪಷ್ಟವಾಗಿದೆ. ಲಾಭ ಎರಡೂ ಕಡೆ ಇದೆ, ಸಣ್ಣವರಿಗೂ ಇದೆ.

2023ರ ಜೂನ್ 1ರಂದು ಅಮೆರಿಕ ಮತ್ತು ತೈವಾನ್ ಸಹಿ ಹಾಕಿದ ವ್ಯಾಪಾರ ಒಪ್ಪಂದವನ್ನು ನೋಡಿ. ಅದರಲ್ಲಿ ಸುಂಕ ಇಳಿಸುವ ಮಾತೇ ಇಲ್ಲ. ಇರುವುದು ಕಸ್ಟಮ್ಸ್ ಕೆಲಸ ಸಲೀಸು ಮಾಡುವುದು, ನಿಯಮ ರೂಪಿಸುವ ಒಳ್ಳೆಯ ಪದ್ಧತಿಗಳು, ಸೇವಾ ಕ್ಷೇತ್ರದ ಲೈಸೆನ್ಸು, ಭ್ರಷ್ಟಾಚಾರ ತಡೆ, ಸಣ್ಣ ಮತ್ತು ಮಧ್ಯಮ ಉದ್ಯಮ. ಸುಂಕ ಇಲ್ಲದ ಒಪ್ಪಂದ ಎಂಥ ಒಪ್ಪಂದ ಅಂತ ಕೇಳಿದವರು ಇದ್ದರು. ನಾನು ಹಾಗೆ ನೋಡುವುದಿಲ್ಲ. ಸುಂಕ ಒಂದು ಸಹಿಯಲ್ಲಿ ಏರುತ್ತದೆ. 2025ರ ಏಪ್ರಿಲ್ 2ರಂದು ಅಮೆರಿಕ ತೈವಾನಿನ ಸರಕಿನ ಮೇಲೆ 32 ಶೇಕಡಾ ಸುಂಕ ಅಂತ ಘೋಷಿಸಿತು, ಆಮೇಲೆ ಅದನ್ನು ಬದಲಿಸಿತು. ಇಷ್ಟು ವರ್ಷ ಶ್ವೇತಪತ್ರ ಬರೆದ ಚೇಂಬರ್‌ಗೂ ಅದನ್ನು ಮೊದಲೇ ತಡೆಯಲಾಗಲಿಲ್ಲ. ಆದರೆ ಕರಡು ಹೊರಬಂದ ಮೇಲೆ 60 ದಿನ ಕಾಯುವ ಪದ್ಧತಿ ಒಮ್ಮೆ ಅಧಿಕಾರಿಗಳ ರೂಢಿಯಾದರೆ, ಅದನ್ನು ಒಂದೇ ಬೆಳಗ್ಗೆ ಕಿತ್ತುಹಾಕುವುದು ಅಷ್ಟು ಸುಲಭ ಅಲ್ಲ.

ನನ್ನ ಮಾತು ಇಷ್ಟೇ. ಹಂದಿಮಾಂಸದ ವಿಷಯದಲ್ಲಿ ನಿಮ್ಮಲ್ಲಿ ಕೆಲವರಿಗೆ ನನ್ನ ನಿಲುವು ಒಪ್ಪಿಗೆ ಆಗಿರಲಿಕ್ಕಿಲ್ಲ, ಮೊದಲು ಅವರೇ ಕೇಳಲಿ.